ಸರಿಜೋಡಿ

ದಸರಾ ಹತ್ತಿರ ಬಂತೆಂದರೆ ಮೈಸೂರಿನ ಗರಡಿಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: 'ಜೋಡಿ ಕಟ್ಟುವುದು ಯಾವತ್ತು?' ದೊಡ್ಡಕೆರೆ ಮೈದಾನದ ಕುಸ್ತಿ ಶುರುವಾಗುವ ಮೊದಲು ಹಿರಿಯ ಉಸ್ತಾದರು ಸೇರಿ, ಬಂದ ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿ, ಯಾರಿಗೆ ಯಾರು ಸರಿ ಎಂದು ತೀರ್ಮಾನಿಸುತ್ತಾರೆ. ಮೈತೂಕ, ಎತ್ತರ, ವಯಸ್ಸು, ಹಿಂದಿನ ಕುಸ್ತಿಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕುಸ್ತಿ ಒಂದು ದಿನದ ಆಟವಾದರೂ, ಅದರ ಅರ್ಧ ಯೋಗ್ಯತೆ ಈ ಜೋಡಿಯಲ್ಲೇ ಇದೆ. ಜೋಡಿ ತಪ್ಪಿದರೆ ಗೆದ್ದವನಿಗೂ ಮರ್ಯಾದೆಯಿಲ್ಲ, ಸೋತವನಿಗೂ ಸಮಾಧಾನವಿಲ್ಲ.

ಈ ವಿದ್ಯೆಯಲ್ಲಿ ಪಳಗಿದ ಒಬ್ಬ ಹಿರಿಯರ ಮನೆಯಲ್ಲಿ ಈಚೆಗೆ ಒಂದು ಸಣ್ಣ ಜಗಳ ನಡೆಯಿತು. ಅವರ ಮೊಮ್ಮಗಳು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಎರಡು ವರ್ಷಗಳಿಂದ ಜೂಡೋ ಕಲಿಯುತ್ತಿದ್ದಾಳೆ. ತರಗತಿಯಲ್ಲಿ ಇರುವವರು ಹದಿನಾಲ್ಕು ಹುಡುಗರು, ಇಬ್ಬರೇ ಹುಡುಗಿಯರು. ಹೀಗಾಗಿ ಅಭ್ಯಾಸವೆಲ್ಲ ಹುಡುಗರ ಜೊತೆಯಲ್ಲೇ. ಜಿಲ್ಲಾ ಮಟ್ಟದ ಸ್ಪರ್ಧೆಯ ಪಟ್ಟಿ ಬಂದಾಗ ಅವಳ ಮುಖ ಬಾಡಿತು. 48 ಕಿಲೋ ಒಳಗಿನ ಹುಡುಗಿಯರ ವಿಭಾಗದಲ್ಲಿ ಇದ್ದದ್ದು ಎರಡೇ ಹೆಸರು. ಒಂದು ಅವಳದು, ಇನ್ನೊಂದು ಬೇರೊಂದು ತಾಲ್ಲೂಕಿನ ಹುಡುಗಿಯದು. ಹುಡುಗರ ಅದೇ ಬಗೆಯ ವಿಭಾಗದಲ್ಲಿ ಹನ್ನೊಂದು ಹೆಸರುಗಳಿದ್ದವು.

'ನಮ್ಮ ಕ್ಲಾಸಿನ ಹುಡುಗನನ್ನ ನಾನು ನಾಲ್ಕು ಸಲ ಕೆಡವಿದ್ದೀನಿ ತಾತ. ಅಭ್ಯಾಸಕ್ಕೆ ಆಗೋನು ಸ್ಪರ್ಧೆಗೆ ಯಾಕಾಗಲ್ಲ? ಒಂದೇ ಆಟ ಆಡಿ ಮೆಡಲ್ ತಗೊಂಡರೆ ಅದೆಂಥ ಮೆಡಲ್ಲು?' ಎಂಬುದು ಅವಳ ವಾದ. ಅವಳ ತಂದೆಯ ಆತಂಕ ಬೇರೆಯದು. ಹುಡುಗರ ಜೊತೆ ಅಭ್ಯಾಸ ಮಾಡುವುದೇ ಸರಿಯಲ್ಲ, ಕೈಕಾಲು ಮುರಿದುಕೊಂಡರೆ ಗತಿಯೇನು, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬೇರೆ, ಇದನ್ನೆಲ್ಲ ಬಿಡಿಸಿಬಿಡೋಣ ಎಂದು ಅವರು.

ಒಂದು ಕಡೆ ಎಲ್ಲವೂ ಕೂಡಿರಲಿ ಎನ್ನುವ ಮಗಳು, ಇನ್ನೊಂದು ಕಡೆ ಯಾವುದೂ ಬೇಡ ಎನ್ನುವ ತಂದೆ. ಸತ್ಯ ಇವೆರಡರ ನಡುವೆ ಎಲ್ಲೋ ಇದೆ. ಅದನ್ನು ಹುಡುಕಲು ಸ್ವಲ್ಪ ವಿಜ್ಞಾನ ಬೇಕು, ಸ್ವಲ್ಪ ಚರಿತ್ರೆಯೂ ಬೇಕು.

ಶಾಲೆಯ ಪ್ರಾರ್ಥನೆಯ ಸಾಲನ್ನು ಗಮನಿಸಿದವರಿಗೆ ಒಂದು ಸಂಗತಿ ಗೊತ್ತು. ಆರನೆಯ, ಏಳನೆಯ ತರಗತಿಯಲ್ಲಿ ಎಷ್ಟೋ ಹುಡುಗಿಯರು ಹುಡುಗರಿಗಿಂತ ಎತ್ತರವಾಗಿರುತ್ತಾರೆ. ಹುಡುಗಿಯರು ಹರೆಯಕ್ಕೆ ಕಾಲಿಡುವುದು ಮೊದಲು. ಆ ವಯಸ್ಸಿನವರೆಗೆ ಗಂಡು ಹೆಣ್ಣು ಮಕ್ಕಳ ಬಲದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆಮೇಲೆ ಚಿತ್ರ ಬದಲಾಗುತ್ತದೆ. ಹುಡುಗರ ದೇಹದಲ್ಲಿ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಹಲವು ಪಟ್ಟು ಏರಿ, ಸ್ನಾಯು ತುಂಬಿಕೊಳ್ಳುತ್ತದೆ, ಮೂಳೆ ದಪ್ಪವಾಗುತ್ತದೆ, ಭುಜ ಅಗಲವಾಗುತ್ತದೆ, ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚುತ್ತದೆ. 100 ಮೀಟರ್ ಓಟವನ್ನು ಉಸೇನ್ ಬೋಲ್ಟ್ 2009ರಲ್ಲಿ 9.58 ಸೆಕೆಂಡುಗಳಲ್ಲಿ ಮುಗಿಸಿದರು. ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 1988ರಲ್ಲಿ 10.49 ಸೆಕೆಂಡುಗಳಲ್ಲಿ ಓಡಿದರು. ಕಾಲಿನ ಆಟದಲ್ಲಿ ಅಂತರ ಸುಮಾರು ಹತ್ತರಲ್ಲೊಂದು ಪಾಲು. ತೋಳು ಮತ್ತು ಭುಜದ ಬಲದಲ್ಲಿ ಈ ಅಂತರ ಇನ್ನೂ ಬಹಳ ಹೆಚ್ಚು. ಜೂಡೋ, ಕುಸ್ತಿಗಳು ಹಿಡಿತದ ಆಟಗಳು. ಅಲ್ಲಿ ತೋಳೇ ಮೊದಲು ಮಾತಾಡುವುದು.

ತೂಕದ ವಿಚಾರವೂ ಹಾಗೆಯೇ. ಒಂಬತ್ತನೆಯ ತರಗತಿಯಲ್ಲಿ ಕಲಿಯುವ ನ್ಯೂಟನ್ನನ ಎರಡನೆಯ ನಿಯಮವನ್ನೇ ತೆಗೆದುಕೊಳ್ಳಿ. ಒಂದೇ ಬಲದಿಂದ ತಳ್ಳಿದರೆ, 80 ಕಿಲೋ ದೇಹಕ್ಕೆ ಬರುವುದಕ್ಕಿಂತ 60 ಕಿಲೋ ದೇಹಕ್ಕೆ ಬರುವ ವೇಗೋತ್ಕರ್ಷ ಮೂರನೇ ಒಂದು ಪಾಲು ಹೆಚ್ಚು. ಹಗುರವಾದವನು ಬೇಗ ಕದಲುತ್ತಾನೆ, ಸಮತೋಲ ತಪ್ಪುತ್ತಾನೆ. ಭಾರವಾದವನನ್ನು ಕದಲಿಸಲು ಹೆಚ್ಚು ಬಲ ಬೇಕು. ಆದರೆ ಆ ಹೆಚ್ಚು ಬಲ ಇರುವುದು ಸಾಮಾನ್ಯವಾಗಿ ಭಾರವಾದವನ ಹತ್ತಿರವೇ!

'ಹಾಗಾದರೆ ಪಟ್ಟುಗಳಿಗೆ ಬೆಲೆಯೇ ಇಲ್ಲವೇ?' ಎಂದು ಯಾರಾದರೂ ಕೇಳಬಹುದು. ಇದೆ, ಖಂಡಿತ ಇದೆ. 1882ರಲ್ಲಿ ಜಿಗೊರೊ ಕಾನೊ ಟೋಕಿಯೋದಲ್ಲಿ ಜೂಡೋ ಆರಂಭಿಸಿದ್ದೇ ಎದುರಾಳಿಯ ಬಲವನ್ನೇ ಬಳಸಿಕೊಂಡು ಅವನನ್ನು ಕೆಡವಬಹುದೆಂಬ ನಂಬಿಕೆಯ ಮೇಲೆ. ಆದರೆ ಪಟ್ಟು ಇಬ್ಬರಿಗೂ ಗೊತ್ತಿದ್ದಾಗ ಏನಾಗುತ್ತದೆ? 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಜೂಡೋ ಮೊದಲ ಸಲ ಸೇರಿತು. ಮೂರು ತೂಕದ ವಿಭಾಗಗಳ ಜೊತೆಗೆ ಯಾವ ತೂಕದವರೂ ಆಡಬಹುದಾದ ಮುಕ್ತ ವಿಭಾಗವೊಂದಿತ್ತು. ತವರಿನ ಜನರೆದುರಿನಲ್ಲೇ ಜಪಾನಿನ ಅಕಿಯೊ ಕಮಿನಾಗ ಆ ವಿಭಾಗದ ಫೈನಲಿನಲ್ಲಿ ಹಾಲೆಂಡಿನ ಆಂಟನ್ ಗೀಸಿಂಕ್‌ಗೆ ಸೋತರು. ಗೀಸಿಂಕ್ ಆರೂವರೆ ಅಡಿಯ ಆಳು. ಜೊತೆಗೆ ಪಟ್ಟುಗಳನ್ನೂ ಚೆನ್ನಾಗಿ ಬಲ್ಲವರು. ಅಂದರೆ ವಿದ್ಯೆ ಸಮವಾದಾಗ ದೇಹ ಲೆಕ್ಕಕ್ಕೆ ಬರುತ್ತದೆ. 1984ರ ನಂತರ ಒಲಿಂಪಿಕ್ಸಿನಲ್ಲಿ ಆ ಮುಕ್ತ ವಿಭಾಗವೇ ಉಳಿಯಲಿಲ್ಲ.

ನಮ್ಮ ದೇಶದಲ್ಲಿ ಜೋಡಿಯಿಲ್ಲದ ಕುಸ್ತಿಯ ಸಂಕಟವನ್ನು ಅನುಭವಿಸಿದವರು ಅಲಿಘಡದ ಹಮೀದಾ ಬಾನು. ಹೆಂಗಸರ ಕುಸ್ತಿಯೇ ಇಲ್ಲದ ಕಾಲದಲ್ಲಿ ಅವರು ಗಂಡಸರನ್ನೇ ಅಖಾಡಕ್ಕೆ ಕರೆದರು. 1954ರಲ್ಲಿ ಬರೋಡಾದಲ್ಲಿ ಬಾಬಾ ಪಹಲ್ವಾನ್ ಎಂಬವರನ್ನು 1 ನಿಮಿಷ 34 ಸೆಕೆಂಡುಗಳಲ್ಲಿ ಸೋಲಿಸಿದರೆಂದು ಆಗಿನ ಪತ್ರಿಕೆಗಳು ಬರೆದವು. ಆದರೂ ಜನರ ಅನುಮಾನ ತಪ್ಪಲಿಲ್ಲ. ಆಗಿನ ಮುಂಬಯಿ ರಾಜ್ಯದಲ್ಲಿ ಅವರ ಕುಸ್ತಿಗಳಿಗೆ ತಡೆ ಬಂದಾಗ ಅವರು ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ದೂರಿಕೊಂಡರು. ಹೆಣ್ಣೆಂಬ ಕಾರಣಕ್ಕಲ್ಲ, ಸೋಲುವುದಕ್ಕೆಂದೇ ಸುಳ್ಳು ಎದುರಾಳಿಗಳನ್ನು ನಿಲ್ಲಿಸುತ್ತಾರೆಂಬ ದೂರು ಬಂದ ಕಾರಣಕ್ಕೆ ಎಂಬ ಉತ್ತರ ಬಂತು. ಸೋತರೆ 'ಹೆಣ್ಣಲ್ಲವೇ' ಎನ್ನುವರು, ಗೆದ್ದರೆ 'ನಾಟಕ' ಎನ್ನುವರು. ಸರಿಜೋಡಿಯಿಲ್ಲದ ಆಟದಲ್ಲಿ ಗೆಲುವು ಕೂಡ ಕೈಗೆ ಹತ್ತುವುದಿಲ್ಲ.

ಇದೇ ಗಾಯವನ್ನು ದೂರದ ಅಮೆರಿಕದಲ್ಲಿ ಇನ್ನೊಬ್ಬರು ಅನುಭವಿಸಿದರು. ಮುಂದೆ ರಸ್ಟಿ ಕನೊಕೋಗಿ ಎಂದು ಹೆಸರಾದ ಬ್ರೂಕ್ಲಿನ್ನಿನ ಆ ಯುವತಿ 1959ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಜೂಡೋ ಸ್ಪರ್ಧೆಯಲ್ಲಿ ಕೂದಲು ಕತ್ತರಿಸಿ, ಎದೆಗೆ ಬಟ್ಟೆ ಬಿಗಿದು, ಗಂಡಸರ ತಂಡದಲ್ಲಿ ಆಡಿ ಗೆದ್ದರು. 'ನೀನು ಹೆಣ್ಣೇ?' ಎಂದು ಕೇಳಿದಾಗ ಹೌದೆಂದರು. ಪದಕವನ್ನು ಹಿಂದಕ್ಕೆ ಪಡೆಯಲಾಯಿತು. ಅವರು ಮುಂದೆ ಮಾಡಿದ ಕೆಲಸ ಗಮನಿಸುವಂಥದು. 'ನನ್ನನ್ನು ಗಂಡಸರ ಜೊತೆಯೇ ಆಡಿಸಿ' ಎಂದು ಅವರು ಹಟ ಹಿಡಿಯಲಿಲ್ಲ. 1962ರಲ್ಲಿ ಟೋಕಿಯೋಗೆ ಹೋಗಿ ಕೊಡೊಕಾನ್ ಶಾಲೆಯಲ್ಲಿ ಗಂಡಸರ ಜೊತೆ ಅಭ್ಯಾಸ ಮಾಡಿದರು. ಆದರೆ ಹೋರಾಡಿದ್ದು ಹೆಂಗಸರದೇ ಆದ ಸ್ಪರ್ಧೆಗಾಗಿ. 1980ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳೆಯರ ಮೊದಲ ವಿಶ್ವ ಜೂಡೋ ಸ್ಪರ್ಧೆ ನಡೆದದ್ದು ಅವರ ಶ್ರಮದಿಂದ. 1988ರಲ್ಲಿ ಮಹಿಳಾ ಜೂಡೋ ಒಲಿಂಪಿಕ್ಸಿನಲ್ಲಿ ಪ್ರದರ್ಶನ ಆಟವಾಯಿತು; 1992ರಲ್ಲಿ ಪದಕದ ಆಟವಾಯಿತು. 2009ರಲ್ಲಿ, ಅವರು ತೀರಿಕೊಳ್ಳುವ ಕೆಲವೇ ತಿಂಗಳ ಮೊದಲು, ಐವತ್ತು ವರ್ಷ ಹಿಂದೆ ಕಸಿದ ಪದಕಕ್ಕೆ ಬದಲಾಗಿ ಅದೇ ಸಂಸ್ಥೆ ಅವರಿಗೆ ಚಿನ್ನದ ಪದಕ ಕೊಟ್ಟಿತು.

ಇಲ್ಲಿ ಒಂದು ತಿಳುವಳಿಕೆಯಿದೆ. ಅಭ್ಯಾಸ ಬೇರೆ, ಸ್ಪರ್ಧೆ ಬೇರೆ. ಅಭ್ಯಾಸದಲ್ಲಿ ಎದುರಿಗಿರುವವನು ಗುರುವಿನ ಹಾಗೆ. ಅವನು ಬಲವನ್ನು ಅಳೆದು ಬಳಸುತ್ತಾನೆ, ಬೀಳಲು ಒಪ್ಪುತ್ತಾನೆ, ಬೀಳಿಸುವಾಗ ತೋಳು ಹಿಡಿದು ಇಳಿಸುತ್ತಾನೆ. ಅಲ್ಲಿ ವ್ಯತ್ಯಾಸವೇ ಪಾಠ. ಹರಿಯಾಣದ ಬಲಾಲಿ ಗ್ರಾಮದಲ್ಲಿ ಮಹಾವೀರ್ ಸಿಂಗ್ ಫೋಗಟ್ ತಮ್ಮ ಹೆಣ್ಣುಮಕ್ಕಳನ್ನು ಹುಡುಗರ ಜೊತೆ ಕುಸ್ತಿಗೆ ಬಿಟ್ಟದ್ದು ಊರಿನಲ್ಲಿ ಬೇರೆ ಹೆಣ್ಣು ಜೋಡಿಗಳಿಲ್ಲವೆಂದು. ಅವರ ಮಗಳು ಗೀತಾ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು 55 ಕಿಲೋ ಮಹಿಳೆಯರ ವಿಭಾಗದಲ್ಲಿ. ಸ್ಪರ್ಧೆಯಲ್ಲಿ ಯಾರೂ ಬಲವನ್ನು ಅಳೆದು ಬಳಸುವುದಿಲ್ಲ. ಅದಕ್ಕಾಗಿಯೇ ಅಲ್ಲಿ ಸರಿಜೋಡಿ ಬೇಕು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಜೂಡೋ ಮಿಶ್ರ ತಂಡಗಳ ಸ್ಪರ್ಧೆ ಆರಂಭವಾದಾಗಲೂ ಇದೇ ಕ್ರಮ. ತಂಡದಲ್ಲಿ ಮೂವರು ಗಂಡಸರು, ಮೂವರು ಹೆಂಗಸರು. ಗಂಡಸರು ಗಂಡಸರೊಡನೆ, ಹೆಂಗಸರು ಹೆಂಗಸರೊಡನೆ ಆಡುತ್ತಾರೆ. ಗೆಲುವು ಮಾತ್ರ ಒಟ್ಟಿನದು. ಆ ಫೈನಲಿನಲ್ಲಿ ಫ್ರಾನ್ಸ್ ತಂಡ ಜಪಾನನ್ನು 4-1ರಿಂದ ಸೋಲಿಸಿತು.

ಪಾಲಕರು ಕೇಳಬೇಕಾದದ್ದು 'ಹುಡುಗರ ಜೊತೆ ಏಕೆ' ಎಂದಲ್ಲ. ತೂಕ, ವಯಸ್ಸು ನೋಡಿ ಜೊತೆಗಾರರನ್ನು ಆರಿಸುತ್ತಾರೆಯೇ? ಬೀಳುವುದನ್ನು ಮೊದಲು ಕಲಿಸುತ್ತಾರೆಯೇ? ಮಗು 'ಸಾಕು' ಎಂದು ಮ್ಯಾಟ್ ತಟ್ಟಿದ ಕ್ಷಣ ಎದುರಿನವರು ಬಿಡುತ್ತಾರೆಯೇ? ಕಲಿಸುವವರು ಕಣ್ಣೆದುರೇ ಇರುತ್ತಾರೆಯೇ? ಇವು ಸರಿಯಿದ್ದರೆ ಭಯಕ್ಕೆ ಕಾರಣ ಕಡಿಮೆ. ಇನ್ನೊಂದು ಮಾತು: ಕೆಳಗಿನ ತೂಕದ ವಿಭಾಗಕ್ಕೆ ಇಳಿಯಲೆಂದು ಬೆಳೆಯುವ ಮಕ್ಕಳನ್ನು ಉಪವಾಸ ಕೆಡವುವುದು, ನೀರು ಬಿಡಿಸುವುದು ತಪ್ಪು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲ್ ದಿನ ಸುಮಾರು 100 ಗ್ರಾಂ ಹೆಚ್ಚಿದ್ದುದಕ್ಕೆ ಅನರ್ಹರಾದರು. ರಾತ್ರಿಯಿಡೀ ಬೆವರು ಹರಿಸಿದ್ದೂ ಫಲ ಕೊಡಲಿಲ್ಲ. ಪಳಗಿದವರ ಪಾಡೇ ಹೀಗಾದರೆ ಮಕ್ಕಳ ಗತಿಯೇನು?

ಆ ಮನೆಯ ಜಗಳಕ್ಕೆ ಮರಳೋಣ. ಹಿರಿಯರು ಮೊಮ್ಮಗಳಿಗೆ ಹೇಳಿದ್ದು ಇಷ್ಟೇ: 'ಆ ಹುಡುಗ ನಿನಗೆ ಬಿದ್ದದ್ದು ಅಭ್ಯಾಸದಲ್ಲಿ ಕಣವ್ವಾ. ಇನ್ನೆರಡು ವರ್ಷ ಬಿಟ್ಟು ಅವನ ಭುಜ ನೋಡು. ನಿನಗೆ ಜೋಡಿ ಅವನಲ್ಲ.'

'ಹಾಗಾದರೆ ನನ್ನ ಜೋಡಿ ಎಲ್ಲಿದ್ದಾರೆ ತಾತ? ಪಟ್ಟಿಯಲ್ಲಿ ಒಬ್ಬಳೇ ಇದ್ದಾಳಲ್ಲ.'

ಇದಕ್ಕೆ ಉತ್ತರ ಹೇಳಿದವಳು ಹುಡುಗಿಯ ತಾಯಿ. ಅಡುಗೆಮನೆಯಿಂದಲೇ ಹೇಳಿದಳು: 'ನಾನು ನಿನ್ನಷ್ಟಿದ್ದಾಗ ಅಪ್ಪಾಜಿಗೆ ಬಾದಾಮಿ ಹಾಲು ತಗೊಂಡು ಗರಡಿಗೆ ಹೋಗ್ತಿದ್ದೆ. ಹೊಸಿಲ ಹೊರಗೇ ನಿಂತು ಕೊಟ್ಟು ಬರಬೇಕಿತ್ತು. ನಿನ್ನ ಜೋಡಿ ಅಂಥ ಹೊಸಿಲುಗಳ ಹೊರಗೆ ನಿಂತಿದ್ದಾರೆ.'

ಹಿರಿಯರು ಏನೂ ಹೇಳಲಿಲ್ಲ. ನಿಯಮ ಬರೆದವರು ಜೋಡಿ ಸರಿಯಾಗಿಯೇ ಕಟ್ಟಿದ್ದಾರೆ. ಕಟ್ಟುವುದಕ್ಕೆ ಹುಡುಗಿಯರೇ ಸಾಲದಿದ್ದರೆ ಅದು ತಕ್ಕಡಿಯ ದೋಷವಲ್ಲ, ಬಾಗಿಲಿನ ದೋಷ.

ಸ್ಪರ್ಧೆಯ ದಿನ ಮೂವರೂ ಹೋದರು. ಎರಡೇ ಹೆಸರಿನ ಆ ವಿಭಾಗದ ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು. ಇಬ್ಬರಿಗೂ ಉಸಿರು ಸಾಲದಾಯಿತು. ಕೊನೆಗೆ ಎದುರಿನ ಹುಡುಗಿಯ ಪಟ್ಟು ಕೂಡಿಬಂದು, ಮೊಮ್ಮಗಳು ಬೆನ್ನ ಮೇಲೆ ಬಿದ್ದಳು. ಇಬ್ಬರೂ ಎದ್ದು ತಲೆಬಾಗಿ ನಮಿಸಿದರು. ತಂದೆ ಮಗಳ ಮೊಣಕೈ ಮುಟ್ಟಿ ನೋಡಿದರು, ಏನೂ ಆಗಿರಲಿಲ್ಲ. ಹಿರಿಯರು ಮಾತ್ರ ನೇರವಾಗಿ ಗೆದ್ದ ಹುಡುಗಿಯ ಹತ್ತಿರ ಹೋದರು.

'ನಿಮ್ಮೂರಲ್ಲಿ ಎಷ್ಟು ಹೆಣ್ಣುಮಕ್ಕಳು ಕಲೀತಾರವ್ವಾ?'

'ನಾನೊಬ್ಬಳೇ ತಾತ.'

ಹಿರಿಯರು ತಲೆಯಾಡಿಸಿ, ತಿರುಗಿ ಮೊಮ್ಮಗಳಿಗೆ ಹೇಳಿದರು: 'ಒಳ್ಳೇ ಜೋಡಿ.' ಐವತ್ತು ವರ್ಷ ಗರಡಿಯಲ್ಲಿ ಕಳೆದವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲವೆಂದು ಆ ಮನೆಯವರಿಗೆ ಗೊತ್ತು. ಮುಂದಿನ ವಾರ ಮೊಮ್ಮಗಳನ್ನು ತರಗತಿಗೆ ಬಿಡಲು ಬಂದಾಗ ಅವರ ಜೊತೆ ಪಕ್ಕದ ಮನೆಯ ಹುಡುಗಿಯೂ ಇದ್ದಳು.