ಚೊಂಬಿನ ನೀರು

ಮನೆಗೆ ಯಾರೇ ಬರಲಿ, ಮೊದಲು ಒಂದು ಚೊಂಬು ನೀರು. ನಮ್ಮ ಹೊಸಪೇಟೆ ಸೀಮೆಯಲ್ಲಿ ಎಂಥ ಬಡವರ ಮನೆಯಲ್ಲೂ ಇದು ತಪ್ಪುವುದಿಲ್ಲ. ಮಾನಸಿಕ ರೋಗಿಗಳ ನರ್ಸ್ ಆಗಿ ಕಂಪ್ಲಿ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದಾಗ ಆ ನೀರನ್ನು ನಾನು ಮನೆಯವರ ಕೈಯಿಂದ ಇಸಿದುಕೊಳ್ಳುತ್ತಿರಲಿಲ್ಲ. "ಅವನ ಕೈಲೇ ಕೊಡಸ್ರಿ" ಎನ್ನುತ್ತಿದ್ದೆ. ಕಾಯಿಲೆಯವನು ಒಳಗಿನಿಂದ ಚೊಂಬು ತರುವಷ್ಟರಲ್ಲಿ ನನ್ನ ಅರ್ಧ ತಪಾಸಣೆ ಮುಗಿದಿರುತ್ತಿತ್ತು. ಕಾಲೆಳೆದು ನಡೆಯುತ್ತಾನೋ, ತೋಳು ಬಿಗಿದಿದೆಯೋ, ಕೈ ನಡುಗಿ ನೀರು ಚೆಲ್ಲುತ್ತದೋ, ಮುಖ ನೋಡಿ ಕೊಡುತ್ತಾನೋ ಇಲ್ಲಾ ನೆಲ ನೋಡಿಯೋ. ಔಷಧ ಹೆಚ್ಚಾಗಿದೆಯೇ ಎಂಬುದನ್ನು ಕೇಳುವ ಮೊದಲೇ ಚೊಂಬು ಹೇಳುತ್ತಿತ್ತು.

ನಾನು ಕೆಲಸಕ್ಕೆ ಸೇರಿದ್ದು 1988ರಲ್ಲಿ. ಆಗ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಬಳ್ಳಾರಿ ಜಿಲ್ಲೆಯೇ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1985ರಿಂದ ನಮ್ಮ ಜಿಲ್ಲೆಯಲ್ಲಿ ಒಂದು ಪ್ರಯೋಗಕ್ಕೆ ಕೈ ಹಾಕಿತ್ತು. ರೋಗಿಯನ್ನು ಹಗ್ಗದಲ್ಲಿ ಕಟ್ಟಿ ರೈಲಿನಲ್ಲಿ ಬೆಂಗಳೂರಿಗೆ ಒಯ್ಯುವ ಬದಲು, ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ನಾಲ್ಕಾರು ಬಗೆಯ ಔಷಧಗಳನ್ನು ಕೇಂದ್ರದಲ್ಲೇ ಇಡುವುದು. ಮನೋವೈದ್ಯರು ದೂರದಲ್ಲಿದ್ದರೂ ಅವರ ಕಣ್ಣು, ಕೈ ಊರಲ್ಲಿರಬೇಕು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಆಧಾರವಾದದ್ದು ಇದೇ. ಪುಸ್ತಕಗಳಲ್ಲಿ ಇದಕ್ಕೆ 'ಬಳ್ಳಾರಿ ಮಾದರಿ' ಎಂಬ ಹೆಸರೇ ಇದೆ. ಅದಿರಿನ ಅಕ್ರಮ ಗಣಿಗಾರಿಕೆಯ ಹಗರಣಕ್ಕೂ ಮೊದಲು ಬಳ್ಳಾರಿಯ ಹೆಸರು ಒಂದು ಒಳ್ಳೆಯ ಕಾರಣಕ್ಕೆ ಊರೂರು ತಿರುಗಿತ್ತೆಂಬುದು ನಮ್ಮವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಈಗಿನವರು ದೂರದಿಂದ ಚಿಕಿತ್ಸೆ ಕೊಡುವುದನ್ನು ಹೊಸದೆಂಬಂತೆ ಹೇಳಿದಾಗ ನನಗೆ ಒಳಗೊಳಗೇ ನಗು. ನಮ್ಮ ಕಾಲದಲ್ಲಿ ಅದಕ್ಕೆ ಪೋಸ್ಟ್ ಕಾರ್ಡ್ ಇತ್ತು. ತಿಂಗಳ ಸೂಜಿಗೆ ಬಾರದವರಿಗೆ ಕಾರ್ಡ್ ಬರೆಯುತ್ತಿದ್ದೆ. ತಿಂಗಳ ಸೂಜಿ ಎಂದರೆ ಫ್ಲುಫೆನಜಿನ್; ದಿನವೂ ಗುಳಿಗೆ ನುಂಗಲು ಒಪ್ಪದವರಿಗೆ ಒಮ್ಮೆ ಚುಚ್ಚಿದರೆ ಕೆಲವು ವಾರ ಮೈಯಲ್ಲಿದ್ದು ಕೆಲಸ ಮಾಡುತ್ತದೆ. ಕಾರ್ಡಿನಲ್ಲಿ ಕಾಯಿಲೆಯ ಹೆಸರು ಬರೆಯುವಂತಿಲ್ಲ, ಟಪಾಲಿನವನು ಓದುತ್ತಾನೆ. "ಅಕ್ಕನ ಮಗನನ್ನು ಕರೆದುಕೊಂಡು ಬರ್ರಿ, ಕೆಲಸ ಐತಿ" ಎಂದಷ್ಟೇ. ಗುಟ್ಟು ಕಾಯುವುದನ್ನು ನಾನು ಕಲಿತದ್ದು ಅಲ್ಲಿ.

ಸಂಡೂರಿನದು ಬೇರೆಯೇ ಕತೆ. ಅದಿರಿನ ಲಾರಿಗಳು ಹಗಲೂ ರಾತ್ರಿ ಹರಿದ ವರ್ಷಗಳಲ್ಲಿ ಕೆಂಧೂಳು ನಮ್ಮ ಕೇಸ್ ಶೀಟುಗಳ ಮೇಲೂ ಕೂತಿರುತ್ತಿತ್ತು. ವಾರಗಟ್ಟಲೆ ನೆಟ್ಟಗೆ ಮಲಗದ ಡ್ರೈವರುಗಳು ಬರುತ್ತಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ಸಾಲದ ಕಂತು ನಿಲ್ಲಲಿಲ್ಲ. ಆಗ ಬಂದವರದೂ ನಿದ್ದೆಯದೇ ದೂರು. "ಮೊದ್ಲು ಮಲಗಾಕ ಪುರುಸೊತ್ತಿರಲಿಲ್ಲ ನರ್ಸಮ್ಮ, ಈಗ ಮಲಗಿದ್ರೂ ನಿದ್ದಿ ಇಲ್ಲ" ಎಂದ ಒಬ್ಬನ ಮಾತು ಮರೆತಿಲ್ಲ.

2020ರ ಮಾರ್ಚಿನಲ್ಲಿ ಕೊರೊನಾ ಲಾಕ್‌ಡೌನಿಗೆ ಬಸ್ಸು ನಿಂತಾಗ ನಿಜವಾಗಿ ಕೈಕಾಲು ಆಡಲಿಲ್ಲ. ಅದೇ ವಾರ, ಮಾರ್ಚ್ 25ರಂದು, ಫೋನು, ವಿಡಿಯೊದಲ್ಲಿ ಚಿಕಿತ್ಸೆ ಕೊಡುವ ಟೆಲಿಮೆಡಿಸಿನ್ ನಿಯಮಗಳು ಬಂದವು. ನಾವು ಫೋನು ಹಿಡಿದೆವು. ಮೊದಲು ಕಲಿತದ್ದು ಪ್ರಶ್ನೆ ಕೇಳುವ ಬಗೆ. ಕಂಪ್ಲಿ ಹತ್ತಿರದ ಒಂದು ಮನೆಯಲ್ಲಿ ಇದ್ದದ್ದು ಒಂದೇ ಫೋನು, ಅದೂ ಗಂಡನ ಕೈಯಲ್ಲಿ. ಆಕೆಯ ದುಃಖಕ್ಕೆ ಕಾರಣ ಅವನೇ. "ಹೆಂಗದೀಯವ್ವಾ" ಎಂದರೆ "ಆರಾಮ" ಎನ್ನದೆ ಇನ್ನೇನು ಹೇಳಿಯಾಳು? ಹೌದು, ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನೇ ಪೋಣಿಸಿದೆ. ನಿನ್ನೆ ಉಂಡೆಯಾ? ಸಾಯಬೇಕು ಅನ್ನಿಸ್ತಾ? ಪಕ್ಕದಲ್ಲಿ ಯಾರಾದರೂ ಅದಾರಾ? ಕೊನೆಗೆ, ದನಕ್ಕೆ ಹುಲ್ಲು ಹಾಕುವ ಹೊತ್ತು ಯಾವುದು? ಮರುದಿನ ಆ ಹೊತ್ತಿಗೆ ಫೋನು ಮಾಡಿದೆ. ಅದನ್ನು ಹಿತ್ತಲಿಗೆ ಒಯ್ದು ಬಾಯಿ ಬಿಚ್ಚಿ ಮಾತಾಡಿದಳು.

ಅಮೆರಿಕದ ಹಲವು ರಾಜ್ಯಗಳಲ್ಲಿ ಮಾನಸಿಕ ರೋಗಿಗಳ ಶುಶ್ರೂಷೆಯಲ್ಲಿ ಹೆಚ್ಚು ಓದಿದ ನರ್ಸುಗಳು ಪರದೆಯಲ್ಲಿ ರೋಗಿಯನ್ನು ನೋಡಿ ತಾವೇ ಔಷಧ ಬರೆಯುತ್ತಾರೆ. ನಮಗೆ ಆ ಅಧಿಕಾರವಿಲ್ಲ. ನಾವು ಕಂಡದ್ದನ್ನು ಡಾಕ್ಟರಿಗೆ ಹೇಳಬೇಕು, ಬರೆಯುವವರು ಅವರು. ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು.

2022ರ ಅಕ್ಟೋಬರ್ 10ರಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಶುರುವಾಯಿತು. 14416ಕ್ಕೆ ಹೊತ್ತಲ್ಲದ ಹೊತ್ತಿನಲ್ಲೂ ದುಡ್ಡಿಲ್ಲದೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹೆಸರು ಹೇಳಲು ನಾಚುವವರಿಗೆ ಇದು ಆಸ್ಪತ್ರೆಯ ಬಾಗಿಲಿಗಿಂತ ಹಗುರ. ಹಂಪಿಯಲ್ಲಿ ಪ್ರವಾಸಿಗರನ್ನು ನಂಬಿ ಬದುಕುವ ಹುಡುಗನೊಬ್ಬ, ನಮ್ಮ ಕೋಣೆಯ ಹೊರಗೆ ಮೂರು ಸಲ ಬಂದು ಹಿಂದಿರುಗಿದ್ದವನು, ಮೊದಲು ಮಾತಾಡಿದ್ದು ಆ ನಂಬರಿಗೆ. ಆದರೆ ತಿಂಗಳ ಸೂಜಿ ಫೋನಿನಲ್ಲಿ ಹೋಗುವುದಿಲ್ಲ. ಸಂಡೂರಿನ ಗುಡ್ಡಗಳ ನಡುವೆ ಸಿಗ್ನಲ್ಲೂ ಹೋಗುವುದಿಲ್ಲ. ಅಲ್ಲಿಗೆ ಇಂದಿಗೂ ಯಾರಾದರೂ ನಡೆದೇ ಹೋಗಬೇಕು.

ನಿವೃತ್ತಿಗೆ ಮುಂಚಿನ ಒಂದು ಮಧ್ಯಾಹ್ನ ವಿಡಿಯೊದಲ್ಲಿ ಕಂಪ್ಲಿ ಕಡೆಯ ಹಳೆಯ ರೋಗಿಯೊಬ್ಬರು ಬಂದರು. ನಾನು ಸೇರಿದ ಹೊಸದರಲ್ಲಿ ಕಂಡವರು, ಈಗ ಮೊಮ್ಮಕ್ಕಳ ಅಜ್ಜಿ. ಮೊಮ್ಮಗ ಫೋನು ಹಿಡಿದಿದ್ದ. "ಅಮ್ಮಾ, ಒಂದು ಚೊಂಬು ನೀರು ತರ್ರಿ" ಎಂದೆ.

"ನೀರಡಿಸ್ತೇನ ಯವ್ವಾ ನಿಂಗ? ಅಲ್ಲಿ ನೀರಿಲ್ಲೇನು?" ಎನ್ನುತ್ತಲೇ ಎದ್ದರು. ಮೊಮ್ಮಗನಿಗೆ ಫೋನು ತಗ್ಗಿಸಲು ಹೇಳಿದೆ. ಪಾದಗಳು ನೆಲ ಸವರಿಕೊಂಡು ಹೋದವು, ಹಾಗೆಯೇ ಬಂದವು. ಚೊಂಬು ಪರದೆಯ ತುಂಬ ಬಂತು. ಅಂಚಿನಿಂದ ನೀರು ತುಳುಕಿ ಅವರ ಬಲಗೈ ಮೇಲೆ ಇಳಿಯುತ್ತಿತ್ತು.

"ತಗೋ, ಕುಡಿ."

"ಇಡ್ರಿ ಅಮ್ಮಾ, ಬಂದಾಗ ಕುಡೀತೀನಿ" ಎಂದು, ಪಕ್ಕದಲ್ಲಿದ್ದ ಡಾಕ್ಟರ ಕಡೆ ಫೋನು ತಿರುಗಿಸಿದೆ. ಅವರು ಆ ಕೈಯನ್ನೇ ನೋಡಿ, ರಾತ್ರಿಯ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು.