ಭೋಂಗಾ ನಿಂತ ಮೇಲೆ ಲಾಲ್‌ಬಾಗ್

ಮುಂಬಯಿಯ ಲಾಲ್‌ಬಾಗ್, ಪರೇಲ್ ಕಡೆಯೆಲ್ಲ ಆಗ ಗಿರಣಗಾಂವ್, ಹತ್ತಿ ಗಿರಣಿಗಳ ಊರು. ಅಲ್ಲಿನ ಒಂದು ಚಾಳಿನ ಎರಡನೇ ಮಾಳಿಗೆಯಲ್ಲಿ ನಮ್ಮ ಸಂಸಾರ. ಒಂದೇ ಕೋಣೆ, ಮೂಲೆಯಲ್ಲಿ ಮೋರಿ, ಗ್ಯಾಲರಿಯ ಕೊನೆಗೆ ಮಾಳಿಗೆಯವರಿಗೆಲ್ಲ ಸೇರಿ ಸಂಡಾಸು. ಅಪ್ಪ ಕೆಳಗಿನ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು.

ಬಾಗಿಲಿಗೆ ಬೀಗ ಬೀಳುತ್ತಿದ್ದುದು ಊರಿಗೆ ಹೊರಟಾಗ ಮಾತ್ರ. ಮಿಲ್ಲಿಗೆ ಮೂರು ಪಾಳಿ. ಮಿಲ್ಲಿನ ಸೈರನ್ನು, ಅಂದರೆ ಭೋಂಗಾ, ಕೂಗಿದಾಗ ಒಂದು ಗುಂಪು ಇಳಿದರೆ ಇನ್ನೊಂದು ಹತ್ತುತ್ತಿತ್ತು. ಹಾಗಾಗಿ ಗ್ಯಾಲರಿಯಲ್ಲಿ ಎಂಥ ಅಪರಾತ್ರಿಯಲ್ಲೂ ಯಾರಾದರೂ ಎಚ್ಚರವಿರುತ್ತಿದ್ದರು. ಎದುರು ಕೋಣೆಯ ಕಾಕು ಒಂಟಿ ಗಂಡಸರಿಗೆ ಖಾನಾವಳಿ ನಡೆಸುತ್ತಿದ್ದರು. ಹೊಸ ಮುಖ ಮೆಟ್ಟಿಲು ಹತ್ತಿದರೆ ಯಾರ ಮನೆಗೆ ಎಂದು ಕೇಳದೆ ಬಿಡುತ್ತಿರಲಿಲ್ಲ. ಪಗಾರದ ದಿನ ಕುಡಿದು ಬಂದು ಹೆಂಡತಿಯ ಮೇಲೆ ಕೈ ಮಾಡುವವರಿದ್ದರು, ಅದನ್ನು ಮುಚ್ಚಿಡಲಾರೆ. ಆದರೆ ಕಳ್ಳತನದ ಮಾತು ಕೇಳಿದ ನೆನಪಿಲ್ಲ.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು. ಮುಷ್ಕರ ಮುಗಿಯಿತೆಂದು ಅಧಿಕೃತವಾಗಿ ಯಾರೂ ಸಾರಲೇ ಇಲ್ಲ. ಅಪ್ಪನ ಕಡದ ಪುಸ್ತಕ ದಪ್ಪವಾಗುತ್ತ ಹೋಯಿತು. ಕಾಕುವಿನ ತಾಮ್ರದ ಹಂಡೆ ಒಂದು ದಿನ ಮಾಯವಾಯಿತು, ಆಮೇಲೆ ಹಿತ್ತಾಳೆ ಪಾತೇಲಿಗಳು. ಉಣ್ಣುವವರೇ ಕೊಂಕಣದ ಬಸ್ಸು ಹತ್ತಿದ ಮೇಲೆ ಖಾನಾವಳಿ ಯಾರಿಗೆ?

ತಮ್ಮ ಅಪ್ಪಂದಿರ ನಂತರ ಮಿಲ್ಲಿನಲ್ಲಿ ತಮಗೊಂದು ಕೆಲಸ ಎಂದೇ ಬೆಳೆದ ಹುಡುಗರು ಹಗಲಿಡೀ ನಾಕಾದಲ್ಲಿ ನಿಲ್ಲತೊಡಗಿದರು. ನನ್ನೊಡನೆ ಕೇರಂ ಆಡುತ್ತಿದ್ದವನೊಬ್ಬ ಒಂದು ಸಂಜೆ ಗಲ್ಲೆಗೆ ಬಂದು, "ಶೇಟ್, ಭಾಯಿ ಕಳಿಸಿದ್ದಾರೆ" ಎಂದ. ಅಪ್ಪನ ಮುಖ ನೋಡಲಾರದೆ ಬಡೀಸೋಪಿನ ಬಟ್ಟಲನ್ನೇ ನೋಡುತ್ತಿದ್ದ. ಅಪ್ಪ, "ಊಟ ಆಯ್ತಾ ನಿಂದು?" ಎಂದು ಕೇಳಿ, ಆಮೇಲೆ ಹಫ್ತಾ ಎಣಿಸಿಕೊಟ್ಟರು.

ಮುಂದಿನದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಗ್ಯಾಂಗಿನ ಅಡ್ಡೆಯಾದ ಬೈಕುಲ್ಲಾದ ದಗಡಿ ಚಾಳಿನ ಹೆಸರು, ಗ್ಯಾಂಗುಗಳ ಕಾದಾಟ, ಎನ್‌ಕೌಂಟರು. ಮಿಲ್ ಜಾಗದ ಮಾರಾಟದ ಜಗಳ ಬೇಯುತ್ತಿದ್ದಾಗಲೇ, 1994ರ ಮೇ 7ರಂದು, ಖಟಾವ್ ಮಿಲ್ಲಿನ ಮಾಲೀಕ ಸುನೀತ್ ಖಟಾವ್ ಅವರನ್ನು ಮಹಾಲಕ್ಷ್ಮಿಯ ಹತ್ತಿರ ಕಾರಿನಲ್ಲೇ ಗುಂಡಿಟ್ಟು ಕೊಂದರು. ನಮ್ಮ ಹುಡುಗರು ಕೆಲಸ ಕೇಳಿಕೊಂಡು ಹೋದರೆ ವಿಳಾಸ ನೋಡಿಯೇ ಅರ್ಜಿ ಬದಿಗಿಡುತ್ತಿದ್ದರು. ಹುಟ್ಟಾ ಪುಂಡರ ಕೇರಿ ಎಂದು ಬರೆದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವೇ ಮನೆಗಳು, ಅವೇ ತಾಯಂದಿರು, ಇಲ್ಲವಾದದ್ದು ಪಗಾರ.

ಈಗ ಫೀನಿಕ್ಸ್ ಮಿಲ್ ಇದ್ದಲ್ಲಿ ಮಾಲ್. ಸುತ್ತಲೂ ಟವರುಗಳು, ಗೇಟಿಗೆ ಕಾವಲು, ಕ್ಯಾಮೆರಾ. ಚಾಳು ಹೋಯಿತೆಂದು ನಾನು ಅಳುವವನಲ್ಲ. ರಾತ್ರಿ ಬಲ್ಬು ಕೆಟ್ಟ ಗ್ಯಾಲರಿ ದಾಟಿ ಸಂಡಾಸಿಗೆ ಹೋಗಲು ಅಕ್ಕ ಅಮ್ಮನನ್ನು ಎಬ್ಬಿಸಬೇಕಿತ್ತು. ಆ ಭಯ ಯಾವ ಪೊಲೀಸ್ ದಾಖಲೆಗೂ ಸೇರಲಿಲ್ಲ. ವರ್ಲಿಯ ಹಳೆಯ ಬಿಡಿಡಿ ಚಾಳುಗಳನ್ನು ಕೆಡವಿ ಹೊಸದಾಗಿ ಕಟ್ಟುತ್ತಿರುವಲ್ಲಿ 160 ಚದರಡಿಯ ಕೋಣೆಯವರಿಗೆ 500 ಚದರಡಿಯ ಫ್ಲ್ಯಾಟು ಸಿಗುತ್ತಿದೆ, ಸಂಡಾಸು ಮನೆಯೊಳಗೇ. 2025ರಲ್ಲಿ ಮೊದಲ ಕೀಲಿಗಳನ್ನು ಕೊಟ್ಟರು. ನಮ್ಮ ಮಾಳಿಗೆಯ ಹೆಚ್ಚಿನವರಿಗೆ ಅಂಥ ಸರದಿ ಬರಲಿಲ್ಲ. ಸಾಲ ತೀರಿಸಲು ಸಿಕ್ಕಷ್ಟಕ್ಕೆ ಕೋಣೆ ಬಿಟ್ಟುಕೊಟ್ಟು ದೂರದ ವಿರಾರ್, ಬದಲಾಪುರದ ಕಡೆ ಹೋದವರು, ಅದೇ ಮಾಲ್‌ನಲ್ಲಿ ಕೆಲಸಕ್ಕೆಂದು ಮೊದಲ ಲೋಕಲ್ ಹಿಡಿಯುವ ಮಕ್ಕಳನ್ನು ಈಗಲೂ ಕತ್ತಲಲ್ಲೇ ಎಬ್ಬಿಸುತ್ತಾರೆ.