ಬ್ರೇಕ್ ಮುಟ್ಟಬ್ಯಾಡ!

ಸ್ಟೇರಿಂಗ್ ತಿರುಗಿತು, ಮುಂದಿನ ಗಾಲಿಗಳೂ ತಿರುಗಿದವು, ಲಾರಿ ಮಾತ್ರ ನೇರ ಹೋಯಿತು. ಎಡಕ್ಕೆ ಕಮರಿ, ಅದರ ತಳದಲ್ಲೆಲ್ಲೋ ಬಾಲ್ಟಾಲ್. ಬಲಕ್ಕೆ ಕಡಿದು ನಿಲ್ಲಿಸಿದಂಥ ಬಂಡೆ. ಎದುರಿಗೆ, ಅರವತ್ತು ಹೆಜ್ಜೆ ದೂರದಲ್ಲಿ, ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟ ಇನ್ನೊಂದು ಮಿಲಿಟರಿ ಲಾರಿ. ಪಕ್ಕದಲ್ಲಿ ಕೂತಿದ್ದ ವಿಜಯಪುರ ಕಡೆಯ ಹುಡುಗ "ಅಣ್ಣಾ, ಬ್ರೇಕ್!" ಎಂದು ಚೀರಿದ. ಸ್ಟೇರಿಂಗ್ ಹಿಡಿದಿದ್ದ ನಮ್ಮ ಮಾವನ ಬಲಗಾಲು ಮೇಲೆದ್ದಿತು. ಎದ್ದದ್ದು ಹಾಗೇ ಗಾಳಿಯಲ್ಲಿ ನಿಂತಿತು.

ಆ ಕಾಲನ್ನು ತಡೆದು ಹಿಡಿದದ್ದು ಪಾಪಿನಾಯಕನಹಳ್ಳಿ.

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ನಮ್ಮೂರಿಗೂ ಕಾಶ್ಮೀರದ ಹಿಮಕ್ಕೂ ಎಲ್ಲಿಯ ನಂಟು ಅನ್ನಬೇಡಿ. ನಮ್ಮಲ್ಲಿ ಅದಿರಿನ ಧೂಳಿದೆ. ಸಂಡೂರಿನ ಗುಡ್ಡದಿಂದ ಇಳಿದ ಲಾರಿಗಳು ಉದುರಿಸಿದ ಕೆಂಪು ಪುಡಿ ಡಾಂಬರಿನ ಮೇಲೆ ತಿಂಗಳುಗಟ್ಟಲೆ ಕೂತಿರುತ್ತದೆ. ಅದರ ಮೇಲೆ ಮೊದಲ ಮಳೆಯ ನಾಲ್ಕು ಹನಿ ಬಿದ್ದರೆ ರಸ್ತೆಗೆ ಹರಳೆಣ್ಣೆ ಸವರಿದ ಹಾಗೆ. ಜೋರು ಮಳೆ ಬಂದರೆ ತೊಳೆದುಕೊಂಡು ಹೋಗುತ್ತದೆ, ಚಿಂತೆಯಿಲ್ಲ. ತುಂತುರೇ ಕೊಲ್ಲುವುದು. ಸೇನೆ ಸೇರುವ ಮೊದಲು ಮಾವ ಅದಿರಿನ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಅಲ್ಲಿನ ಮುದುಕ ಡ್ರೈವರ್ ಹೇಳುತ್ತಿದ್ದ ಮಾತು ಅವನಿಗೆ ಬಾಯಿಪಾಠ: "ಬ್ರೇಕ್ ಮುಟ್ಟಬ್ಯಾಡಲೇ. ಬ್ರೇಕ್ ಹೊಡದ್ರ ಗಾಲಿ ನಿಲ್ತಾವು, ಲಾರಿ ನಿಲ್ಲಂಗಿಲ್ಲ."

ಕಾರ್ಗಿಲ್ ಯುದ್ಧ ಮುಗಿದ ಮೇಲಿನ ಒಂದು ನವೆಂಬರ್. ದ್ರಾಸ್ ಕಡೆಗೆ ಚಳಿಗಾಲದ ದಾಸ್ತಾನು ಇಳಿಸಿ, ಖಾಲಿ ಲಾರಿಗಳ ಸಾಲು 3,528 ಮೀಟರ್ ಎತ್ತರದ ಜೋಜಿಲಾ ಕಣಿವೆದಾರಿ ದಾಟಿ ಸೋನಾಮಾರ್ಗಕ್ಕೆ ಇಳಿಯುತ್ತಿತ್ತು. ಖಾಲಿ ಲಾರಿಯೆಂದರೆ ಹಗುರ ಎಂದು ಹಿಗ್ಗುವವನು ಹೊಸಬ. ಹಿಂದಿನ ಗಾಲಿಗಳ ಮೇಲೆ ಭಾರವಿಲ್ಲದಿದ್ದರೆ ಅವು ನೆಲ ಕಚ್ಚುವುದಿಲ್ಲ. ಹಗಲು ಬಿಸಿಲಿಗೆ ಮೇಲಿನ ಹಿಮ ಕರಗಿ ನೀರು ರಸ್ತೆಗೆ ಅಡ್ಡ ಹರಿದಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ತಿರುವಿಗೆ ನೆರಳು ಬಿತ್ತು, ನೀರು ಹೆಪ್ಪುಗಟ್ಟಿತು. ಬಿಳಿ ಹಿಮವಾದರೆ ಕಣ್ಣಿಗೆ ಬೀಳುತ್ತದೆ. ಈ ತೆಳು ಪದರದ ಮೂಲಕ ಕಪ್ಪು ಡಾಂಬರೇ ಕಾಣುತ್ತದೆ, ಒದ್ದೆ ರಸ್ತೆ ಅನ್ನಿಸುತ್ತದೆ. ಒದ್ದೆ ರಸ್ತೆಯಾಗಿದ್ದರೆ ಗಾಲಿ ನೀರು ಚಿಮ್ಮಿಸಬೇಕಿತ್ತು, ಸದ್ದು ಮಾಡಬೇಕಿತ್ತು. ಗಾಲಿಯ ಸದ್ದು ಒಮ್ಮೆಲೇ ಸತ್ತುಹೋದದ್ದು ಮಾವನ ಕಿವಿಗೆ ಬಿದ್ದಿತ್ತು. ಅಷ್ಟರಲ್ಲಿ ಲಾರಿ ಅದರ ಮೇಲಿತ್ತು.

ಒಣ ರಸ್ತೆಯಲ್ಲಿ ನಿಲ್ಲುವುದಕ್ಕೆ ಬೇಕಾಗುವ ದೂರದ ಹತ್ತು ಪಟ್ಟು ಇಂಥ ಕಡೆ ಬೇಕಾಗಬಹುದು. ಮಾವನ ಮುಂದಿದ್ದದ್ದು ಅರವತ್ತು ಹೆಜ್ಜೆ.

ಎಡಗಾಲು ಕ್ಲಚ್ ಒತ್ತಿತು. ಎಂಜಿನ್ನಿನ ಹಿಡಿತ ಬಿಟ್ಟಿತು, ಹಿಂದಿನ ಗಾಲಿಗಳು ತಮ್ಮ ಪಾಡಿಗೆ ಉರುಳತೊಡಗಿದವು. ಜಾರುವಾಗ ಸ್ಟೇರಿಂಗ್ ಇನ್ನಷ್ಟು ತಿರುವಬೇಕೆಂದು ಕೈ ಹಟ ಮಾಡುತ್ತದೆ. ಮಾವ ಉಲ್ಟಾ ಮಾಡಿದ, ತಿರುಗಿದ್ದನ್ನು ನಿಧಾನ ಸಡಿಲಿಸಿ ಗಾಲಿ ನೇರ ಮಾಡಿದ. ನಲವತ್ತು ಹೆಜ್ಜೆ. ಗಾಲಿ ಉರುಳಿದರೆ ಮಾತು ಕೇಳುತ್ತದೆ. ಕಣ್ಣು ಎದುರಿನ ಲಾರಿಯ ಮೇಲಿಲ್ಲ, ಕಮರಿಯ ಮೇಲಂತೂ ಇಲ್ಲ, ಬಂಡೆಯ ಬುಡದಲ್ಲಿ ಜಲ್ಲಿ ಬೆರೆತು ಗಟ್ಟಿಯಾಗಿದ್ದ ಹಿಮದ ದಿಬ್ಬದ ಮೇಲೆ. ಸ್ಟೇರಿಂಗನ್ನು ಒಂದೇ ಒಂದು ಎಳೆ ಬಲಕ್ಕೆ. ಇಪ್ಪತ್ತು ಹೆಜ್ಜೆ. ಬಲಗಾಲಿ ದಿಬ್ಬಕ್ಕೆ ಹತ್ತಿ ಗರಗರ ಎಂದಿತು. ಮಡ್‌ಗಾರ್ಡ್ ಬಂಡೆಗೆ ಉಜ್ಜಿ ಕಿಡಿ ಹಾರಿತು. ಬಾಗಿಲ ಕನ್ನಡಿ ಒಡೆದು ಒಳಗೆ ಬಿತ್ತು. ಲಾರಿ ನಿಂತಿತು. ಎದುರಿನ ಲಾರಿಗೂ ತಮ್ಮ ಬಂಪರಿಗೂ ಒಂದು ಮಾರು.

ಉಸಿರು ಬಿಡಲು ಪುರುಸೊತ್ತಿಲ್ಲ, ಹಿಂದೆ ಇಡೀ ಸಾಲೇ ಬರುತ್ತಿದೆ. "ಓಡಲೇ ಮ್ಯಾಲೆ! ರಸ್ತಿ ಮ್ಯಾಲೆ ಅಲ್ಲ, ದಿಬ್ಬದ ಮ್ಯಾಲೆ!" ಹುಡುಗ ಟಾರ್ಚ್ ಹಿಡಿದು ಹಿಮದಲ್ಲಿ ಮೊಣಕಾಲು ಹೂತು ಹೂತು ಓಡಿದ. ಹಿಂದಿನಿಂದ ಬಂದ ಮೊದಲ ಲಾರಿ ಬೆಳಕು ಕಂಡು ತಿರುವಿನ ಮೇಲೆಯೇ ನಿಂತಿತು. ಅದರ ಹಿಂದಿನವನು ಬೆಚ್ಚಿಬಿದ್ದು ಗೇರನ್ನು ಗಬಕ್ಕನೆ ಕೆಳಕ್ಕೆಳೆದ. ಜಾರು ನೆಲದಲ್ಲಿ ಹಾಗೆ ಗೇರು ಇಳಿಸಿದರೂ ಹಿಂದಿನ ಗಾಲಿಗಳಿಗೆ ಬ್ರೇಕ್ ಹೊಡೆದ ಫಲವೇ. ಲಾರಿಯ ಬಾಲ ಕಮರಿಯತ್ತ ಬೀಸಿತು. ಹಿಂದಿನ ಎಡಗಾಲಿ ಅಂಚಿನ ಕಲ್ಲಿಗೆ ಬಡಿದು ನಿಲ್ಲದಿದ್ದರೆ ಈ ಕಥೆಯನ್ನು ಮಾವ ಹೇಳುತ್ತಲೇ ಇರಲಿಲ್ಲ. ಆ ಡ್ರೈವರ್ ಬಲಬಾಗಿಲಿನಿಂದ ಹಾರಿ, ನಾಲ್ಕು ಕಾಲಲ್ಲಿ ತೆವಳಿ ಬಂಡೆಯ ಬುಡ ಸೇರಿದ.

ಕತ್ತಲಾಯಿತು. ಹಗ್ಗ ಕಟ್ಟಿ ಆ ಲಾರಿಯನ್ನು ಒಳಕ್ಕೆ ಎಳೆದದ್ದು, ಮೂಟೆಯ ಮರಳು ಸುರಿದದ್ದು, ಸ್ಟೌವಿನ ಬೂದಿಯನ್ನೂ ಬಿಡದೆ ಗಾಲಿಯ ಕೆಳಗೆ ಚೆಲ್ಲಿದ್ದು ಇವೆಲ್ಲ ಬೇಗ ಮುಗಿದವಂತೆ. ಗಾಲಿಗೆ ಚೈನ್ ಹಾಕುವುದೇ ನರಕ. ಕೈಗವಸು ಹಾಕಿಕೊಂಡರೆ ಕೊಂಡಿ ಸಿಗುವುದಿಲ್ಲ, ತೆಗೆದರೆ ಕಬ್ಬಿಣಕ್ಕೆ ಚರ್ಮ ಅಂಟುತ್ತದೆ.

ಹುಡುಗರು ಕುಸಿಯದಿರಲೆಂದು ಸುಬೇದಾರ್ ಸಾಹೇಬರು ಕಥೆ ಶುರು ಮಾಡಿದರು. "ಇದೇ ದಾರಿಯಲ್ಲಿ ಟ್ಯಾಂಕ್ ಹತ್ತಿವೆ, ಗೊತ್ತೇನ್ರೋ?" 1948ರಲ್ಲಿ ಜೋಜಿಲಾ ಶತ್ರುವಿನ ಕೈಯಲ್ಲಿತ್ತು, ಶ್ರೀನಗರದಿಂದ ಲೇಹ್‌ಗೆ ರಸ್ತೆ ಕಡಿದಿತ್ತು, ಸೆಪ್ಟೆಂಬರಿನ ದಾಳಿಗಳು ಸೋತಿದ್ದವು. ಆಗ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಇಲ್ಲಿಗೆ ಟ್ಯಾಂಕ್ ತರುತ್ತೇನೆಂದರು. ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರು ಹೇಸರಗತ್ತೆಯ ಜಾಡನ್ನು ಅಗೆದು ದಾರಿ ಮಾಡಿದರು. ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರ ಬಿಚ್ಚಿ, ಮುಸುಕು ಹಾಕಿ, ಗುಟ್ಟಾಗಿ ತಂದರು. ನವೆಂಬರ್ 1ರಂದು, ಹಿಮ ಬೀಳುತ್ತಿದ್ದಂತೆಯೇ, ಅವು ಕಣಿವೆದಾರಿಯೊಳಗೆ ನುಗ್ಗಿದವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು. ಅಷ್ಟು ಎತ್ತರದಲ್ಲಿ ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಟ್ಯಾಂಕ್ ಯುದ್ಧ ಮಾಡಿರಲಿಲ್ಲ. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಎರಡೂ ಕೈಗೆ ಬಂದವು.

"ಸಾಬ್, ಅವ್ರು ಮಡಿಕೇರಿಯವ್ರು, ನಮ್ಮ ಕಡೆಯವ್ರು!" ಎಂದು ಮಾವ ಕೂಗಿದನಂತೆ, ಕೈಯಲ್ಲಿ ಚೈನ್ ಹಿಡಿದುಕೊಂಡೇ. ಮಡಿಕೇರಿಗೂ ಪಾಪಿನಾಯಕನಹಳ್ಳಿಗೂ ನಡುವೆ ಅರ್ಧ ಕರ್ನಾಟಕವಿದೆ. ಜೋಜಿಲಾದಿಂದ ನೋಡಿದರೆ ಎರಡೂ ಪಕ್ಕದ ಓಣಿ.

ಎಲ್ಲರೂ ಟ್ಯಾಂಕಿನ ಧೈರ್ಯವನ್ನೇ ಹೊಗಳುತ್ತಾರೆ. ನನಗೆ ಹೆಚ್ಚು ಹಿಡಿಸುವುದು ಗುದ್ದಲಿ ಹಿಡಿದ ಬೆಂಗಳೂರು ಕೇಂದ್ರದ ಆ ಸ್ಯಾಪರ್‌ಗಳು, ಜೊತೆಗೆ ಇನ್ನೊಂದು ಸಂಗತಿ: ದಾಳಿಗೆ ಮೊದಲು ಗೊತ್ತು ಮಾಡಿದ್ದ ದಿನ ಅಕ್ಟೋಬರ್ 20. ಹವೆ ಕೆಟ್ಟಿತು, ತಿಮ್ಮಯ್ಯ ಕಾದರು. ಯುದ್ಧದ ನಡುವೆ ಸೇನಾಪತಿಯೇ ಹಿಮಕ್ಕೆ ತಲೆಬಾಗಿ ದಿನ ಮುಂದೂಡಬಹುದಾದರೆ, ಡಿಸೆಂಬರಿನ ಮನಾಲಿಗೆ ಬಾಡಿಗೆ ಕಾರು ಹತ್ತುವ ನಮ್ಮವರು ಒಂದು ದಿನ ಹೋಟೆಲಿನಲ್ಲಿ ಕೂತರೆ ಗಂಟೇನು ಹೋಗುತ್ತದೆ?

ಆ ರಾತ್ರಿ ಜೋಜಿಲಾದಲ್ಲಿ ಇನ್ನೊಂದು ಇಕ್ಕಟ್ಟು. ಎಂಜಿನ್ ಆರಿಸಿದರೆ ಡೀಸೆಲ್ ಗಟ್ಟಿಯಾಗಿ ಮತ್ತೆ ಹತ್ತದೇ ಇರಬಹುದು. ಮೈನಸ್ 33 ಡಿಗ್ರಿಗೂ ಜಗ್ಗದ ಚಳಿಗಾಲದ ಡೀಸೆಲ್ ಲಡಾಖಿಗೆ ಬಂದದ್ದು 2019ರಲ್ಲಿ, ಆಗ ಅದಿರಲಿಲ್ಲ. ಹೊಗೆಕೊಳವೆ ಹಿಮದಲ್ಲಿ ಹೂತಿದ್ದರೆ ಉರಿಯುವ ಎಂಜಿನ್ನೇ ಯಮ, ವಿಷಗಾಳಿ ಒಳಗೆ ತುಂಬುತ್ತದೆ, ವಾಸನೆಯೂ ಬರುವುದಿಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ‍್ರಿಯಲ್ಲಿ ಹಿಮಕ್ಕೆ ಸಿಕ್ಕಿಬಿದ್ದ ವಾಹನಗಳಲ್ಲೇ 20ಕ್ಕೂ ಹೆಚ್ಚು ಮಂದಿ ಸತ್ತರು. ಮಾವ ಗಳಿಗೆಗೊಮ್ಮೆ ಇಳಿದು ಕೊಳವೆಯ ಬಾಯಿ ಬಿಡಿಸುತ್ತಿದ್ದ. ಕಿಟಕಿ ಎರಡು ಬೆರಳು ತೆರೆದೇ ಇತ್ತು. ಹುಡುಗ ಚಳಿ ಎಂದು ಏರಿಸಹೋದರೆ ಕೈ ಮೇಲೆ ಏಟು.

ಕೊನೆಗೆ ಹೊರಟರು. ಮೊದಲ ಗೇರು, ಆಕ್ಸಿಲರೇಟರಿನ ಮೇಲೆ ಕಾಲಿದ್ದೂ ಇಲ್ಲದ ಹಾಗೆ. ಮುಂದಿನ ಲಾರಿ ತಿರುವು ದಾಟಿ ಹಾರ್ನ್ ಹೊಡೆಯುವ ತನಕ ಹಿಂದಿನದು ಮಿಸುಕುವಂತಿಲ್ಲ. ವೇಗ ಕಡಿಮೆ ಮಾಡುವುದೆಲ್ಲ ತಿರುವಿಗೆ ಮೊದಲೇ, ನೇರ ದಾರಿಯಲ್ಲೇ. ಸೇತುವೆ ಬಂದರೆ ಇನ್ನೂ ನಿಧಾನ, ಕೆಳಗಿನಿಂದಲೂ ಗಾಳಿ ಬಡಿಯುವುದರಿಂದ ಮೊದಲು ಹೆಪ್ಪುಗಟ್ಟುವುದು ಅದೇ. ಹುಡುಗ ದಾರಿಯುದ್ದಕ್ಕೂ ಕಿಟಕಿಗೆ ಕಿವಿಯಿಟ್ಟು ಗಾಲಿಯ ಸದ್ದು ವರದಿ ಮಾಡುತ್ತಿದ್ದ: "ಐತಿ ಅಣ್ಣಾ... ಐತಿ... ಇಲ್ಲ!" ಅವನು ಇಲ್ಲ ಎಂದಾಗಲೆಲ್ಲ ಮಾವ ಏನನ್ನೂ ಮಾಡುತ್ತಿರಲಿಲ್ಲ. ಬ್ರೇಕಿಲ್ಲ, ಗೇರಿಲ್ಲ, ಸ್ಟೇರಿಂಗ್ ಅಲ್ಲಾಡದು. ಮತ್ತೆ "ಐತಿ" ಎನ್ನುವವರೆಗೆ ಉಸಿರೂ ಇಲ್ಲ.

ಸೋನಾಮಾರ್ಗದಲ್ಲಿ ಸುಬೇದಾರ್ ಸಾಹೇಬರು ಲಾರಿ ಎಣಿಸಿದರು, ಒಂದೂ ಕಡಿಮೆಯಿರಲಿಲ್ಲ. ಹುಡುಗ ಸೀಟಿನಲ್ಲೇ ಮುದುಡಿ ಕಣ್ಣು ಮುಚ್ಚಿದ. ಮಾವ ಅವನ ಭುಜ ಹಿಡಿದು ಅಲ್ಲಾಡಿಸಿದ. ಮುಂದೆ ಒಣ ಡಾಂಬರು, ಅದರ ಮೇಲೆ ಚೈನ್ ಓಡಿಸಿದರೆ ತುಂಡಾಗಿ ಬ್ರೇಕಿನ ಪೈಪಿಗೇ ಬಡಿದೀತು.

"ಏಳಲೇ, ಬಿಚ್ಚೋದೈತಿ."